ಬಾನೆಟ್ಟಿನ ಮೇಲಿನ ಕೈ

ನನಗೊಂದು ಚಟ ಅಂಟಿಕೊಂಡಿದೆ. ಸಿಗರೇಟಲ್ಲ, ಇಸ್ಪೀಟಲ್ಲ, ಅವಾಗಿದ್ದರೆ ಬಿಡಿಸೋಕೆ ಯಾರಾದರೂ ಸಿಗ್ತಿದ್ದರು. ನಿಂತಿರೋ ಕಾರು ಕಂಡರೆ ಸಾಕು, ನನ್ನ ಕೈ ತಾನಾಗೇ ಹೋಗಿ ಅದರ ಬಾನೆಟ್ಟಿನ ಮೇಲೆ ಕೂತುಬಿಡುತ್ತೆ. ನಮ್ಮದೇ ಕಾರಾಗಬೇಕು ಅಂತೇನಿಲ್ಲ. ಸೂಪರ್‌ಮಾರ್ಕೆಟ್ಟಿನ ಮುಂದೆ, ಆಫೀಸಿನ ಪಾರ್ಕಿಂಗಲ್ಲಿ, ಯಾರದ್ದೋ ಮನೆ ಗೇಟಿನ ಹತ್ತಿರ, ಎಲ್ಲಾದರೂ ಸರಿ. ಮುಟ್ಟಿ, ಬಿಸಿ ಇದೆಯೋ ತಣ್ಣಗಿದೆಯೋ ನೋಡಿಕೊಂಡು, ಏನೂ ಆಗದವನ ಹಾಗೆ ಮುಂದೆ ಹೋಗ್ತೀನಿ. ಮೊನ್ನೆ ಪಕ್ಕದ ಮನೆಯ ಮೊರೀನ್ ಅಜ್ಜಿ ತಮ್ಮ ಕಾರನ್ನ ನಾನು ಸವರೋದು ಕಿಟಕಿಯಿಂದ ನೋಡಿ, ಬಾಗಿಲು ತೆಗೆದು, "ಎಲ್ಲಾ ಸರಿ ಇದೆ ತಾನೇ?" ಅಂತ ಕೇಳಿದರು. "ಗ್ರ್ಯಾಂಡ್" ಅಂದೆ. ಐರ್ಲೆಂಡಿಗೆ ಬಂದು ಇಷ್ಟು ವರ್ಷದಲ್ಲಿ ನಾನು ಕಲಿತ ಅತಿ ಉಪಯೋಗದ ಮಾತು ಅದು. ಮಳೆ ನಿಂತರೂ ಗ್ರ್ಯಾಂಡ್, ಮನೆ ಬಿದ್ದರೂ ಗ್ರ್ಯಾಂಡ್.

ಈ ಚಟ ಕಲಿಸಿದ್ದು ನಮ್ಮತ್ತೆ. ಹೆಂಡತಿಯ ತಾಯಿ. ಮಂಡ್ಯದವರು, ಸ್ಕೂಲಲ್ಲಿ ಕನ್ನಡ ಮೇಡಂ ಆಗಿ ರಿಟೈರಾದವರು. ಮಂಡ್ಯದವರು ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳುತ್ತೆ ಅನ್ನೋದಕ್ಕೆ ನಮ್ಮತ್ತೆಯೇ ಸಾಕ್ಷಿ. ಆದರೆ ನನ್ನ ಮುಂದೆ ಮಾತ್ರ ಅವರಿಗೆ ಬಾಯಿಲ್ಲ. ಅಳಿಯನ ಎದುರು ಅತ್ತೆ ಕೂರಬಾರದು, ನೇರವಾಗಿ ಮಾತಾಡಬಾರದು, ಅಳಿಯ ಅಂದದ್ದಕ್ಕೆ ಇಲ್ಲ ಅನ್ನಬಾರದು. ಯಾರು ಮಾಡಿದ ಕಾನೂನೋ, ಅವರಮ್ಮ ಪಾಲಿಸಿದರು, ಇವರೂ ಪಾಲಿಸಿದರು. ಮದುವೆಯಾಗಿ ಎಷ್ಟೋ ವರ್ಷವಾದರೂ ನನ್ನ ಜೊತೆ ಅವರದ್ದು "ಊಟಕ್ಕೆ ಏಳ್ಬೌದು" ಅನ್ನೋ ಮಟ್ಟದ ಮಾತು. ಯಾರಿಗೆ ಹೇಳಿದ್ದು ಅಂತ ಕೇಳಿದರೆ ಗೋಡೆಗೆ ಹೇಳಿದ್ದು ಅನ್ನಬಹುದು, ಹಾಗೆ.

ಕೋವಿಡ್ ಬಂದ ವರ್ಷ, ಮಾರ್ಚ್ ಶುರುವಿನಲ್ಲಿ, ಅವರು ಮಗಳ ಮನೆ ನೋಡೋಕೆ ಅಂತ ಬಂದರು. ಹುರಿಹಿಟ್ಟು, ಉಪ್ಪಿನಕಾಯಿ, ನನಗೆ ಅಂತ ಒಂದು ರೇಷ್ಮೆ ಪಂಚೆ. ನನ್ನ ಹೆಂಡತಿ ಸುಧಾ ಡಾಕ್ಟರು. ಇಲ್ಲಿ ಕಲಿಕೆಯಲ್ಲಿರೋ ಡಾಕ್ಟರುಗಳನ್ನ ಆರಾರು ತಿಂಗಳಿಗೆ ಊರೂರು ಸುತ್ತಿಸ್ತಾರೆ. ಅವಳ ಸರದಿ ಆಗ ವಾಟರ್‌ಫರ್ಡಿನ ಆಸ್ಪತ್ರೆಯಲ್ಲಿ. ನಾನಿರೋದು ಕಾರ್ಕ್ ಪಕ್ಕ, ಕೆಲಸ ರಿಂಗಾಸ್ಕಿಡಿಯ ಔಷಧಿ ಫ್ಯಾಕ್ಟರಿಯಲ್ಲಿ. ಎರಡು ಗಂಟೆ ದಾರಿ. ಸುಧಾ ಶನಿವಾರ ಬಸ್ಸಲ್ಲಿ ಬಂದು ಭಾನುವಾರ ಹೋಗ್ತಿದ್ದಳು. ಹಾಗೆ ಒಂದೆರಡು ಶನಿವಾರ ಕಳೆದವು ಅಷ್ಟೇ, ಎಲ್ಲಾ ಬಂದ್ ಆಯ್ತು. ಅತ್ತೆಗೆ ಆಸ್ತಮಾ. "ನಾನು ವಾರ್ಡಿಂದ ಏನು ಹೊತ್ಕೊಂಡು ಬರ್ತೀನೋ ಏನೋ, ಬರಲ್ಲ" ಅಂತ ಸುಧಾ ಆಸ್ಪತ್ರೆ ಹತ್ತಿರದ ರೂಮಲ್ಲೇ ಉಳಿದಳು. ವಿಮಾನಗಳೂ ನಿಂತವು. ಮನೆಯಲ್ಲಿ ಉಳಿದವರು ಯಾರು ಅಂದರೆ, ಒಬ್ಬರ ಜೊತೆ ಒಬ್ಬರು ಮಾತಾಡಬಾರದ ಇಬ್ಬರು.

ಆ ದಿನಗಳನ್ನ ನೆನೆಸಿಕೊಂಡರೆ ಈಗ ನಗು ಬರುತ್ತೆ. ನಾನು ಹಾಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರೋನು. ಅಡಿಗೆಮನೆಯಲ್ಲಿ ಅತ್ತೆ. ಅತ್ತೆ ವಾಟರ್‌ಫರ್ಡಿಗೆ ಫೋನ್ ಮಾಡೋರು: "ನಿನ್ ಗಂಡನ್ನ ಕೇಳು, ಸಾರಿಗೆ ಬೇಳೆ ಮುಗ್ದೈತೆ." ನನಗೆ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳೋದು. ಆದರೆ ಕೇಳಿಸಿಕೊಂಡೆ ಅನ್ನೋದು ಮರ್ಯಾದೆಯಲ್ಲವಲ್ಲ, ಹಾಗಾಗಿ ಕಾಯೋನು. ಸುಧಾ ಮೆಸೇಜ್ ಬರೋದು: "ರೀ, ಬೇಳೆ." ನಾನು ಎದ್ದು ಮಾಸ್ಕ್ ಹಾಕಿಕೊಂಡು ಹೋಗಿ ತರೋನು. ನಾಲ್ಕು ಹೆಜ್ಜೆ ದೂರದ ಮಾತು ಎರಡು ಕೌಂಟಿ, ಅಂದರೆ ನಮ್ಮ ಕಡೆಯ ಎರಡು ಜಿಲ್ಲೆ, ಸುತ್ತಿ ಬರ್ತಿತ್ತು. ಸುಧಾ ಡ್ಯೂಟಿಯಲ್ಲಿದ್ದಳೋ, ಅವತ್ತು ಬೇಳೆ ಇಲ್ಲದ ಸಾರೇ ಗತಿ.

ಇದರ ನಡುವೆ ನಮ್ಮ ಕಾರು ಕೈಕೊಟ್ಟಿತು. ಜಪಾನಿನ ಹಳೇ ಹ್ಯಾಚ್‌ಬ್ಯಾಕು. ಹಿಂದಿನಿಂದ ಬಿಳೀ ಹೊಗೆ, ನೀರು ಹಾಕಿದಷ್ಟೂ ಖಾಲಿ, ಸ್ವಲ್ಪ ದೂರ ಹೋದರೆ ಬಿಸಿಯ ಮುಳ್ಳು ಮೇಲಕ್ಕೆ. ನಮ್ಮೂರ ಗ್ಯಾರೇಜಿನವನು ಒಳಗೆ ಇಣುಕಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ಡೂ ಸೊಟ್ಟಗಾಗಿದೆ. ರಿಪೇರಿಗಿಂತ ಗುಜರಿಯಿಂದ ಒಂದು ಎಂಜಿನ್ ತನ್ನಿ. ಇಂಥದ್ದೇ ತಂದರೆ ಎರಡು ದಿನದ ಕೆಲಸ" ಅಂದ.

ಇಂಥದ್ದೇ ತಂದರೆ. ಆ ಮಾತನ್ನ ನಾನು ಕೇಳಿಸಿಕೊಂಡೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನಾನು ಯೂಟ್ಯೂಬ್ ಪಂಡಿತನಾಗಿದ್ದೆ. ಇದೇ ಕಾರಿನ ಇನ್ನೊಂದು ಮಾಡೆಲ್ಲಿಗೆ ಜಪಾನಿನವರು ದೊಡ್ಡ ಎಂಜಿನ್ ಕೊಟ್ಟಿದ್ದಾರೆ, ಅದನ್ನ ಕಿತ್ತು ಇದಕ್ಕೆ ಕೂರಿಸಿದರೆ ಕಾರು ಚಿಗರೆ ಆಗುತ್ತೆ, ಅದಕ್ಕೆ ಪರ್ಫಾರ್ಮೆನ್ಸ್ ಅಪ್‌ಗ್ರೇಡ್ ಅಂತಾರೆ ಅಂತೆಲ್ಲ ಕಲಿತಿದ್ದೆ. ಗ್ಯಾರೇಜಿನವನು, ವೈರಿಂಗ್ ಬೇರೆ, ಕಂಪ್ಯೂಟರ್ ಬೇರೆ, ಇನ್ಶೂರೆನ್ಸಿನವರಿಗೆ ಎಂಜಿನಿಯರ್ ರಿಪೋರ್ಟ್ ಬೇರೆ ಅಂತ ರಾಗ ಎಳೆದ. ನಾನು "ಗ್ರ್ಯಾಂಡ್, ಗ್ರ್ಯಾಂಡ್" ಅಂದೆ. ಮನೆಯಿಂದ ಐದು ಕಿಲೋಮೀಟರ್ ದಾಟೋ ಹಾಗಿಲ್ಲ ಅಂತ ಸರ್ಕಾರ ಹೇಳ್ತಿದ್ದ ಕಾಲ ಅದು. ಎಲ್ಲೂ ಹೋಗೋ ಹಾಗಿಲ್ಲದವನಿಗೆ ಬೇಗ ಹೋಗೋ ಹುಚ್ಚು! ಈಗ ಯೋಚಿಸಿದರೆ ಅನ್ನಿಸುತ್ತೆ, ನನಗೆ ಬೇಕಿದ್ದದ್ದು ವೇಗ ಅಲ್ಲ. ಫೋನಲ್ಲಿ ಸುಧಾಳ ದನಿ ದಿನದಿನಕ್ಕೆ ಸೋತು ಬರ್ತಿತ್ತು. ಅದನ್ನ ಕೇಳಿಕೊಂಡು ಕೂತಿರೋಕಾಗದೆ, ಏನಾದರೂ ಒಂದು ದೊಡ್ಡದಾಗಿ ಮಾಡಬೇಕು ಅನ್ನೋ ಚಡಪಡಿಕೆ. ಹೆಂಗಸರು ಆಗ ದೇವರಿಗೆ ಹರಕೆ ಹೊರ್ತಾರೆ. ಗಂಡಸರು ಎಂಜಿನ್ ಬದಲಾಯಿಸ್ತಾರೆ.

ಅತ್ತೆಗೆ ಈ ಯೋಜನೆ ಸುಧಾ ಮೂಲಕ ತಲುಪಿತು. ಅಡಿಗೆಮನೆಯಿಂದ ಕೇಳಿಸಿತು: "ಹೊಟ್ಟೆಗ್ ಹಿಟ್ಟಿಲ್ದಿದ್ರೂ ಜುಟ್ಟಿಗ್ ಮಲ್ಲಿಗೆ ಹೂವು!" ಸ್ವಲ್ಪ ಹೊತ್ತಿಗೆ ಸುಧಾ ಮೆಸೇಜ್ ಬಂತು: "ಅಮ್ಮ ಒಳ್ಳೇದು ಅಂದ್ರು."

ಸೆಕೆಂಡ್ ಹ್ಯಾಂಡ್ ಸಾಮಾನು ಆರಿಸೋ ವಿದ್ಯೆ ನಮ್ಮ ವಂಶದಲ್ಲೇ ಇಲ್ಲ ಬಿಡಿ. ಚಿಕ್ಕಂದಿನಲ್ಲಿ ಮೈಸೂರಲ್ಲಿ ನಮ್ಮಪ್ಪ ಹಳೇ ಸ್ಕೂಟರ್ ಕೊಳ್ಳೋಕೆ ಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಜೊತೆಗೆ ಚಿಕ್ಕಪ್ಪ, ಅಪ್ಪನ ಆಫೀಸಿನ ಗೆಳೆಯರು, ಮತ್ತೆ ನಾನು. ಚಿಕ್ಕಪ್ಪ ಟೈರಿಗೆ ಒದ್ದು "ಗಟ್ಟಿ ಇದೆ" ಅಂದರು. ಗೆಳೆಯರು ಕನ್ನಡಿಯಲ್ಲಿ ಕ್ರಾಪು ಸರಿಮಾಡಿಕೊಂಡರು. ಅಪ್ಪ ಹಾರ್ನ್ ಒತ್ತಿ ನೋಡಿದರು. ಅಷ್ಟರಲ್ಲಿ ಮಾರೋರ ಮನೆಯಾಕೆ ಎಲ್ಲರಿಗೂ ಕಾಫಿ, ಚಕ್ಕುಲಿ ತಂದಿಟ್ಟರು. ಅಲ್ಲಿಗೆ ಮುಗೀತು. ಚಕ್ಕುಲಿ ತಿಂದ ಮೇಲೆ ಸ್ಕೂಟರ್ ಬೇಡ ಅನ್ನೋದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾಗೋದು ಅಂತ ಗಾದೆಯೇ ಇದೆಯಲ್ಲ. ಆ ಸ್ಕೂಟರನ್ನ ನಾವು ಓಡಿಸಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಅಪ್ಪ ಮಾತ್ರ ಕೊನೇವರೆಗೂ, "ಹಾರ್ನ್ ಮಾತ್ರ ಏನ್ ಹೇಳು, ಫಸ್ಟ್ ಕ್ಲಾಸ್" ಅಂತಿದ್ದರು.

ಜೂನ್ ಬಂತು. ಕೌಂಟಿಯೊಳಗೆ ಓಡಾಡಬಹುದು ಅಂತ ಆಯ್ತು, ತಿಂಗಳ ಕೊನೆಗೆ ಬೇರೆ ಕೌಂಟಿಗೂ ಬಿಡ್ತಾರೆ ಅಂತ ಸುದ್ದಿ. ಅದೇ ವಾರ ಇನ್ನೊಂದು ಸುದ್ದಿಯೂ ಬಂತು: ಸಿಕ್ಕಿಹಾಕಿಕೊಂಡವರನ್ನ ಕರೆದೊಯ್ಯೋ ವಿಶೇಷ ವಿಮಾನದಲ್ಲಿ ಅತ್ತೆಗೆ ಸೀಟು ಸಿಕ್ಕಿದೆ, ಜುಲೈ ಮೊದಲ ವಾರ ಹೊರಡಬೇಕು. ಗಡಿ ತೆರೆಯೋದಕ್ಕೂ ಅತ್ತೆ ಹೊರಡೋದಕ್ಕೂ ನಡುವೆ ಉಳಿಯೋದು ಕೆಲವೇ ದಿನ. ಆಸ್ತಮಾ ಇರೋರನ್ನ ಬಸ್ಸಿಗೆ ಹತ್ತಿಸೋ ಹಾಗಿಲ್ಲ, ಬೇರೆಯವರ ಕಾರಲ್ಲಿ ಕೂರಿಸೋ ಹಾಗಿಲ್ಲ. ಆ ದಿನಗಳೊಳಗೆ ನಮ್ಮ ಕಾರು ಓಡಿದರೆ ಅತ್ತೆ ಮಗಳನ್ನ ನೋಡ್ತಾರೆ. ಇಲ್ಲದಿದ್ದರೆ ಇಲ್ಲ.

ಕೌಂಟಿಯ ಉತ್ತರಕ್ಕೆ ಒಂದು ಗುಜರಿ ಯಾರ್ಡಿನಲ್ಲಿ ನನಗೆ ಬೇಕಾದ ದೊಡ್ಡ ಎಂಜಿನ್ ಇದೆ ಅಂತ ಗೊತ್ತಾಯ್ತು. ಕಾರು ಕೆಮ್ಮುತ್ತಾ ಅಷ್ಟು ದೂರ ಹೋಗಬಹುದು ಅಂದುಕೊಂಡು ಹೊರಟೆ. ಅತ್ತೆಯೂ ಬರ್ತಾರೆ ಅಂತ ವಾಟರ್‌ಫರ್ಡಿಂದ ಆರ್ಡರ್ ಬಂತು: "ಮನೇಲಿ ಕೂತು ಕೂತು ಅಮ್ಮಂಗೆ ಹುಚ್ಚು ಹಿಡಿತಾ ಇದೆ, ಕರ್ಕೊಂಡ್ ಹೋಗ್ರೀ." ಅತ್ತೆ ಹಿಂದಿನ ಸೀಟಲ್ಲಿ ಕೂತರು. ಮೊದಲಾದರೆ ಸಂಪ್ರದಾಯ, ಈಗ ಸಾಮಾಜಿಕ ಅಂತರ.

ಯಾರ್ಡಿನವನ ಹೆಸರು ಲೀಅಮ್. ಒಳ್ಳೇ ಮಾತುಗಾರ. ಹಿಂದುಗಡೆ ಜಜ್ಜಿಹೋದ ಕೆಂಪು ಕಾರೊಂದನ್ನ ತೋರಿಸಿದ. ಎಂಜಿನ್ ಇನ್ನೂ ಅದರೊಳಗೇ ಇತ್ತು, ಕೇಳಿ ನೋಡಬಹುದು. ಹೋದ ತಕ್ಷಣ ಎರಡು ಪೇಪರ್ ಕಪ್ಪಲ್ಲಿ ಟೀ ತಂದು, ನಮ್ಮಿಂದ ದೂರಕ್ಕೆ ಒಂದು ಡ್ರಮ್ಮಿನ ಮೇಲಿಟ್ಟು ಹಿಂದೆ ಸರಿದ. ನಾನು ಕುಡಿದೆ. ಅಪ್ಪನ ಚಕ್ಕುಲಿ ಅಲ್ಲೇ ನೆನಪಾಗಬೇಕಿತ್ತು.

ಹಳೇ ಎಂಜಿನ್ ಕೊಳ್ಳೋರಿಗೆ ಎಲ್ಲರೂ ಹೇಳಿಕೊಡೋ ಮೊದಲ ಪಾಠ ಒಂದೇ: ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಕೇಳು. ಸವೆದ ಎಂಜಿನ್ ತಣ್ಣಗಿದ್ದಾಗ ಕಟಕಟ ಅನ್ನುತ್ತೆ, ನೀಲಿ ಹೊಗೆ ಬಿಡುತ್ತೆ. ಬಿಸಿಯಾದ ಮೇಲೆ ಎಷ್ಟೋ ರೋಗ ಮುಚ್ಚಿಹೋಗುತ್ತೆ. ಮನುಷ್ಯರೂ ಹಾಗೇ, ಬೆಳಗ್ಗೆ ಕಾಫಿಗೆ ಮುಂಚೆ ನೋಡಬೇಕು. ಕಾಫಿ ಕುಡಿಸಿ ತೋರಿಸಿದರೆ ಎಲ್ಲರೂ ಒಳ್ಳೇವರೇ. ನಾನು ಗತ್ತಿನಿಂದ "ಕೋಲ್ಡ್ ಸ್ಟಾರ್ಟ್ ಕೇಳಬೇಕು" ಅಂದೆ. ಲೀಅಮ್ "ಹೋದ ವಾರದಿಂದ ಕೀ ತಿರುಗಿಸಿಲ್ಲ, ನೀನೇ ಕೇಳು" ಅಂದ.

ಅಷ್ಟರಲ್ಲಿ ಅತ್ತೆ ಮೆಲ್ಲಗೆ ಬಂದು, ಚಪ್ಪಲಿ ಒಂದು ಪಕ್ಕ ಬಿಟ್ಟು, ಆ ಕೆಂಪು ಕಾರಿನ ಬಾನೆಟ್ಟನ್ನ ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮನೆಗೆ ಬರೋ ವಸ್ತು, ನಮಸ್ಕಾರ ಮಾಡದೆ ಹೇಗೆ? ಬಸ್ ಹತ್ತೋವಾಗ ಮೆಟ್ಟಿಲು ಮುಟ್ಟೋ ಜನ ನಾವು. ಆದರೆ ಕಾಲ ಎಂಥದ್ದು! ಬಾಗಿಲ ಹಿಡಿ ಮುಟ್ಟಿದರೂ ಇಪ್ಪತ್ತು ಸೆಕೆಂಡ್ ಕೈ ತೊಳೀರಿ ಅಂತಿರೋವಾಗ, ಯಾರ್ಯಾರೋ ಮುಟ್ಟಿದ ಗುಜರಿ ಕಾರನ್ನ ಮುಟ್ಟಿ ನೇರ ಕಣ್ಣಿಗೆ! ಅತ್ತೆ ಏನೋ ಹೇಳೋಕೆ ಬಾಯಿ ತೆರೆದರು. ನಾನು ಅಷ್ಟರೊಳಗೆ ಜೇಬಿಂದ ಸ್ಯಾನಿಟೈಜರ್ ತೆಗೆದು ಅವರ ಕೈಗೆ ಸುರಿದು, "ಉಜ್ಜಿ ಅತ್ತೆ, ಚೆನ್ನಾಗಿ ಉಜ್ಜಿ" ಅಂದೆ. ಅವರು ಬಾಯಿ ಮುಚ್ಚಿಕೊಂಡು ಉಜ್ಜಿದರು.

ಎಂಜಿನ್ ಸ್ಟಾರ್ಟ್ ಆಯ್ತು. ಆಹಾ, ಏನು ದನಿ ಅಂತೀರಿ! ಕಟಕಟ ಇಲ್ಲ, ಹೊಗೆ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ನನ್ನ ಬೆನ್ನುಮೂಳೆಗೇ ಕೇಳಿಸಿತು. "ತಗೋತೀನಿ" ಅಂದುಬಿಟ್ಟೆ. ಕೈ ಕುಲುಕೋ ಹಾಗಿರಲಿಲ್ಲ, ಮೊಣಕೈ ತಾಗಿಸಿ ವ್ಯವಹಾರ ಮುಗಿಸಿದೆವು. ಮಾರನೇ ದಿನ ಕಿತ್ತು ನಮ್ಮ ಗ್ಯಾರೇಜಿಗೆ ತಲುಪಿಸೋದು ಅಂತ ಮಾತಾಯ್ತು. ನನ್ನ ಕೆಲಸ ಏನು ಗೊತ್ತೇ? ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗ. ದಿನಾ ಎಲ್ಲದರ ಮೇಲೂ ಅನುಮಾನ ಪಡೋದಕ್ಕೆ ನನಗೆ ಸಂಬಳ ಕೊಡ್ತಾರೆ.

ವಾಪಸ್ ಬರೋವಾಗ ಹಿಂದಿನ ಸೀಟಿಂದ ಫೋನ್ ರಿಂಗಾಗೋ ಸದ್ದು ಕೇಳ್ತಾನೇ ಇತ್ತು. ಅತ್ತೆ ಸುಧಾಗೆ ಮಾಡ್ತಿದ್ದಾರೆ, ಅವಳು ಎತ್ತುತ್ತಿಲ್ಲ. ಡ್ಯೂಟಿಯಲ್ಲಿ ಫೋನು ಲಾಕರಿನಲ್ಲಿರುತ್ತೆ. ಒಂದು ಏರು ಹತ್ತೋವಾಗ ನಮ್ಮ ಕಾರಿನ ಬಿಸಿಮುಳ್ಳು ಕೆಂಪು ಮುಟ್ಟಿತು. ಒಂದು ಹೊಲದ ಗೇಟಿನ ಹತ್ತಿರ ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಆರಲಿ ಅಂತ ನಿಂತೆ. ಸಣ್ಣ ತುಂತುರು. ಬೇಲಿಯಾಚೆ ಹಸುಗಳು ನಮ್ಮನ್ನೇ ನೋಡ್ತಿದ್ದವು. ಅತ್ತೆ ಇಳಿದು ಕಾರಿನ ಆ ಕಡೆ ನಿಂತರು.

"ಸುಧಾ ಫೋನ್ ಎತ್ತಲ್ಲ" ಅಂದರು. ಹಸುಗಳಿಗೆ.

"ಡ್ಯೂಟೀಲಿರ್ತಾಳೆ ಅತ್ತೆ. ಏನಾದ್ರೂ ಅರ್ಜೆಂಟಾ?"

"ಅವಳತ್ರ ಹೇಳಿ ನಿಮ್ಗೆ ಹೇಳಿಸ್ಬೇಕಿತ್ತು."

"ಏನು?"

ಅತ್ತೆ ಸೆರಗನ್ನ ಬಿಗಿಯಾಗಿ ಹಿಡಿದುಕೊಂಡು, ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನ ಮುಖ ನೋಡಿ ಮಾತಾಡಿದರು. "ಎದುರಾಡಿದ್ಲು ಅನ್ಕೋಬೇಡಿ. ಆ ಕೆಂಪು ಕಾರು ಬಿಸಿ ಇತ್ತು. ಮುಟ್ಟಿದ್ನಲ್ಲ, ದೋಸೆ ತೆಗೆದು ಸ್ವಲ್ಪ ಹೊತ್ತಾದ ಕಾವಲಿ ಇರುತ್ತಲ್ಲ, ಹಂಗೆ. ಮಿಕ್ಕಿದ್ ಕಾರುಗಳ ಮೇಲೆಲ್ಲ ಮಳೆ ಹನಿ ಕೂತಿತ್ತು. ಅದೊಂದೇ ಒಣಗಿತ್ತು."

ಅಂದರೆ, ನಾವು ಬರೋಕೆ ಮುಂಚೆ ಲೀಅಮ್ ಅದನ್ನ ಓಡಿಸಿ, ಬಿಸಿ ಮಾಡಿ, ಸುಮ್ಮನಾಗಿಸಿ ಇಟ್ಟಿದ್ದ. "ಅಯ್ಯೋ, ಅಲ್ಲೇ ಹೇಳಬಾರದಿತ್ತಾ ಅತ್ತೆ?"

"ಹೇಳಕ್ ಬಂದೆ. ನೀವು ಕೈಗೆ ಔಷ್ದಿ ಹಾಕಿದ್ರಿ. ಅಲ್ದೆ, ಪರರ ಮುಂದೆ ಅಳಿಯಂದ್ರ ಮಾತು ತೆಗೆದಾಕೋದು ಹೆಂಗೆ?"

ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. ಕಟ್ಟೆ ಒಡೆದಿತ್ತು. "ನಂಗೆ ಎಂಜಿನ್ನು ಗಿಂಜಿನ್ನು ಗೊತ್ತಿಲ್ಲ. ದೊಡ್ದೋ ಚಿಕ್ಕದೋ, ಓಡಿದ್ರೆ ಸಾಕು. ವಿಮಾನ ಹತ್ತೋದ್ರೊಳ್ಗೆ ನಾನು ನನ್ ಮಗಳ್ನ ಒಂದ್ಸಲ ನೋಡ್ಬೇಕು. ಫೋನಲ್ಲೇ ನೋಡಿ ಹೋಗೋದಾಗಿದ್ರೆ ಮಂಡ್ಯದಲ್ಲೇ ಕೂತು ನೋಡ್ತಿರ್ಲಿಲ್ವಾ? ಅವಳು ಊಟ ಆಯ್ತು ಅಂತಾಳೆ, ಆಗಿರಲ್ಲ. ಚೆನ್ನಾಗಿದೀನಿ ಅಂತಾಳೆ, ಇರಲ್ಲ. ನಂಗೊತ್ತಾಗುತ್ತೆ." ಕನ್ನಡ ಮೇಡಂ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಗಟ್ಟಿಯಾಗಿ ಹೇಳು ಅಂದಿದ್ದರೋ, ಅವತ್ತು ಅವರಿಗೇ ಆಗಲಿಲ್ಲ.

ನನಗೆ ನಾಚಿಕೆಯಾಯ್ತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯ್ತು. ಇಷ್ಟು ದಿನ ಒಂದೇ ಮನೆಯಲ್ಲಿ, ಗೋಡೆಯ ಆ ಕಡೆ ಅವರು, ಈ ಕಡೆ ನಾನು, ಒಬ್ಬಳಿಗೋಸ್ಕರವೇ ಕೊರಗುತ್ತಾ ಕೂತಿದ್ದೆವು. ಅದನ್ನ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ರೇಡಿಯೇಟರಿಗೆ ನೀರು ಹಾಕಿ, ಕಾರನ್ನ ಮತ್ತೆ ಯಾರ್ಡಿನ ಕಡೆ ತಿರುಗಿಸಿದೆ.

ಲೀಅಮ್‌ಗೆ ಹೇಳೋದು ನನಗೆ ಬಹಳ ಕಷ್ಟವಾಯ್ತು, ಅವನ ಟೀ ಕುಡಿದಿದ್ದೆನಲ್ಲ. "ಬಾನೆಟ್ ಬಿಸಿ ಇತ್ತಂತೆ" ಅಂದೆ. ಅವನು ಒಮ್ಮೆ ನನ್ನನ್ನ, ಒಮ್ಮೆ ಅತ್ತೆಯನ್ನ ನೋಡಿದ. "ಜಾಗ ಬದಲಿಸೋಕೆ ಬೆಳಗ್ಗೆ ಸ್ವಲ್ಪ ಓಡಿಸಿದ್ದೆ, ಅಷ್ಟೇ" ಅಂದ. ಇರಬಹುದು. ಆ ಎಂಜಿನ್ ನಿಜವಾಗಲೂ ಕೆಟ್ಟದ್ದಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. "ನಮ್ಮ ಕಾರಿಗೆ ಇರೋದೇ ಇದೆಯಾ? ಚಿಕ್ಕದು?" ಅಂತ ಕೇಳಿದೆ. ಮೂಲೆಯಲ್ಲಿ, ಬಾಗಿಲೇ ಇಲ್ಲದ ಬೂದಿ ಬಣ್ಣದ ಕಾರೊಂದನ್ನ ತೋರಿಸಿದ. ಬಾನೆಟ್ಟಿನ ತುಂಬ ಮಳೆ ಹನಿ. ಅತ್ತೆ ಹೋಗಿ ಕೈಯಿಟ್ಟರು. ಈ ಸಲ ನಾನು ಸ್ಯಾನಿಟೈಜರ್ ತೆಗೀಲಿಲ್ಲ.

"ತಣ್ಣಗೈತೆ" ಅಂದರು ನನಗೆ. ನೇರವಾಗಿ.

ಕೀ ತಿರುಗಿಸಿದರೆ ಅದು ಕೆಮ್ಮಿತು, ಗೊಣಗಿತು, ಮತ್ತೆ ಕೆಮ್ಮಿತು, ಆಮೇಲೆ ತನ್ನ ಪಾಡಿಗೆ ತಾನು ಓಡತೊಡಗಿತು. ನೀಲಿ ಹೊಗೆ ಬರಲಿಲ್ಲ. ಒಳಗಿನ ಒತ್ತಡ ಅಳೆಯೋ ಕಂಪ್ರೆಶನ್ ಟೆಸ್ಟ್ ಮಾಡಿಸಿದೆ, ಸಿಲಿಂಡರುಗಳೆಲ್ಲ ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ಟವು. ಬೆನ್ನುಮೂಳೆಗೆ ಏನೂ ಕೇಳಿಸಲಿಲ್ಲ. ಅದನ್ನೇ ತಂದೆವು.

ಗಡಿ ತೆರೆದ ವಾರವೇ ವಾಟರ್‌ಫರ್ಡಿಗೆ ಹೊರಟೆವು. ಅತ್ತೆ ಹಿಂದಿನ ಸೀಟಲ್ಲೇ ಕೂತಿದ್ದರು, ಆದರೆ ಮಾತಿಗೆ ಮಾತ್ರ ಬಿಡುವಿಲ್ಲ. "ನಿಧಾನ", "ಲಾರಿ ಬಂತು", "ಅಷ್ಟು ಜೋರಾ?", "ಮುಳ್ಳು ಎಲ್ಲೈತೆ ನೋಡಿ". ಸಂಪ್ರದಾಯ ಮುರಿದದ್ದೇ ತಪ್ಪಾಯ್ತೇನೋ ಅಂತ ನನಗೆ ಅರ್ಧ ದಾರಿಗೇ ಅನ್ನಿಸಿತು. ಮುಳ್ಳು ಇರಬೇಕಾದ ಕಡೆಯೇ ಇತ್ತು.

ಆಸ್ಪತ್ರೆಯ ಹಿಂದಿನ ಕಾರ್ ಪಾರ್ಕಿನಲ್ಲಿ ನಿಂತೆವು. ಸುಧಾ ಬ್ರೇಕ್ ತೆಗೆದುಕೊಂಡು ಬಂದಳು. ಮಾಸ್ಕಿನ ದಾರ ಕೆನ್ನೆಯಲ್ಲಿ ಗೆರೆ ಕೊರೆದಿತ್ತು, ಕೂದಲು ಮೋಟಾಗಿತ್ತು. ತಾನೇ ಕತ್ತರಿಸಿಕೊಂಡಿದ್ದಾಳೆ ಅಂತ ನೋಡಿದರೇ ಗೊತ್ತಾಗ್ತಿತ್ತು. ಅತ್ತೆ ಎರಡು ಹೆಜ್ಜೆ ಮುಂದೆ ಹೋದರು.

"ಬೇಡಮ್ಮ, ಅಲ್ಲೇ ನಿಲ್ಲು" ಅಂದಳು ಸುಧಾ.

ಅತ್ತೆ ನಿಂತರು. ಕೋಡುಬಳೆ ಡಬ್ಬಿಯನ್ನ ಬಾನೆಟ್ಟಿನ ಮೇಲಿಟ್ಟು ಹಿಂದೆ ಸರಿದರು. ಸುಧಾ ಬಂದು ತೆಗೆದುಕೊಂಡಳು. ಸಮುದ್ರದ ಕಡೆಯಿಂದ ಚಳಿಗಾಳಿ ಬೀಸ್ತಿತ್ತು. ಅವಳು ಒಂದು ಕೈ ಬಾನೆಟ್ಟಿನ ಮೇಲೇ ಬಿಟ್ಟು, "ಬೆಚ್ಚಗಿದೆ ಕಣಮ್ಮ" ಅಂದಳು. ಅತ್ತೆ ಕಾರಿನ ಈ ಕಡೆಯಿಂದ ಬಂದು ತಮ್ಮ ಕೈಯನ್ನೂ ಬಾನೆಟ್ಟಿನ ಮೇಲಿಟ್ಟರು. ಆ ಮೂಲೆಯಲ್ಲಿ ಮಗಳು, ಈ ಮೂಲೆಯಲ್ಲಿ ತಾಯಿ. ಕೂದಲು ಯಾಕೆ ಹಿಂಗ್ ಕತ್ರಿಸ್ಕೊಂಡೆ, ರೂಮಲ್ಲಿ ಹೀಟರ್ ಐತಾ, ಮಂಡ್ಯದ ಮನೆ ನಲ್ಲಿ ಸೋರುತ್ತಂತೆ, ಹೀಗೇ ಏನೇನೋ ಮಾತಾಡಿದರು. ಅಳಲಿಲ್ಲ ಇಬ್ಬರೂ. ಸುಧಾ ಗಡಿಯಾರ ನೋಡಿ, "ಹೋಗ್ಬೇಕಮ್ಮ" ಅಂದು, ಡಬ್ಬಿ ಎದೆಗೆ ಅವುಚಿಕೊಂಡು ಒಳಗೆ ಹೋದಳು.

ಅತ್ತೆ ಕಾರನ್ನ ಸುತ್ತಿಕೊಂಡು ಆ ಮೂಲೆಗೆ ಹೋದರು. ಸುಧಾ ಕೈಯಿಟ್ಟಿದ್ದ ಜಾಗದಲ್ಲಿ ಕೈಯಿಟ್ಟರು, ತೆಗೆದು ಕಣ್ಣಿಗೊತ್ತಿಕೊಂಡರು, ಮತ್ತೆ ಅಲ್ಲೇ ಇಟ್ಟರು. ನನ್ನ ಜೇಬಿನಲ್ಲಿ ಸ್ಯಾನಿಟೈಜರ್ ಬಾಟಲಿ ಇತ್ತು. ಮುಟ್ಟಿದೆ, ಬಿಟ್ಟೆ. ಬಾನೆಟ್ಟು ಪೂರ್ತಿ ತಣ್ಣಗಾಗೋವರೆಗೂ ಅವರು ಕೈ ತೆಗೀಲಿಲ್ಲ. ನಾನೂ ಕೀ ತಿರುಗಿಸಲಿಲ್ಲ.